ಪುಕ್ಕಲು ಮಾಸ್ಟ್ರ ಗರಗಸದ ಪಾಠ

ನಾನು ಹುಟ್ಟಾ ಹೆದರುವವನು, ನನ್ನ ಹೊಟ್ಟೆಪಾಡು ಮಾತ್ರ ಹೆದರಿಸುವ ಯಂತ್ರದ ಜೊತೆ. ಹಾಗಾಗಿ ವಾರಕ್ಕೊಂದಾದರೂ ಇಂಥದ್ದು ನಡೆಯದೆ ಇರುವುದಿಲ್ಲ.

ಕುಂದಾಪುರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನನಗೆ ಕೆಲಸ. ಮರದ ಕೆಲಸದವರು ನಮ್ಮಲ್ಲಿ ಮೈಟರ್ ಸಾ ಎಂಬ ಯಂತ್ರ ಕೊಂಡರೆ, ಅವರ ಕೊಟ್ಟಿಗೆಗೋ ಚಪ್ಪರಕ್ಕೋ ಹೋಗಿ ಅದನ್ನು ಕೂರಿಸಿ, ಕೈಕಾಲು ಉಳಿಸಿಕೊಂಡು ಹೇಗೆ ಕೊಯ್ಯಬೇಕೆಂದು ಕಲಿಸಿ ಬರುವವನು ನಾನು. ನೋಡದವರಿಗೆ ಹೇಳುತ್ತೇನೆ: ಮೇಜಿನ ಮೇಲೆ ಕೂರುವ ಒಂದು ಲೋಹದ ಪೀಠ, ಅದರ ಮೇಲೆ ಎಡಕ್ಕೆ ಬಲಕ್ಕೆ ತಿರುಗುವ, ಪಕ್ಕಕ್ಕೂ ವಾಲುವ ಒಂದು ತಲೆ, ಆ ತಲೆಯೊಳಗೆ ಊಟದ ತಟ್ಟೆಯಷ್ಟಗಲದ ಹಲ್ಲಿನ ಚಕ್ರ. ಸ್ವಿಚ್ಚು ಒತ್ತಿ ಹಿಡಿಯನ್ನು ಕೆಳಗಿಳಿಸಿದರೆ ಹಲಸಿನ ಹಲಗೆಯೂ ಸೌತೆಕಾಯಿಯ ಹಾಗೆ ತುಂಡಾಗುತ್ತದೆ. ಬೆರಳೂ ಹಾಗೆಯೇ. ಅದರ ಕಿರುಚಾಟ ಕೇಳಿದಾಗಲೆಲ್ಲ ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಇಷ್ಟು ವರ್ಷವಾದರೂ ಅದು ನಿಂತಿಲ್ಲ.

ಇದನ್ನು ಧಣಿಯವರಿಗೆ ಮೊದಲೇ ಹೇಳಿದ್ದೆ. ನನಗೆ ಭಯ, ಬೇರೆ ಯಾರನ್ನಾದರೂ ಕಳಿಸಿ ಎಂದಿದ್ದೆ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಹೆದ್ರಿಕಿ ಇಲ್ದಿದ್ದರ್ನ ಕಳ್ಸ್ರೆ ಮಿಷನ್ ಎಷ್ಟ್ ಬೇಗ ಕೊಯ್ಯತ್ ಅಂತ ತೋರ್ಸಿ ಬತ್ರ್. ನೀನಾರೆ ಕೈ ಎಲ್ಲಿ ಇಡ್ಕ್ ಅಂತ ಹೇಳಿ ಬತ್ತೆ. ಹೋಯ್ಕಂಡ್ ಬಾ."

ಹೀಗೆ ಪುಕ್ಕಲುತನಕ್ಕೇ ಕೆಲಸ ಸಿಕ್ಕಿದ ಮನುಷ್ಯ ನಾನು.

ನೋಡಿ ಕಲಿಯಿರಿ

ಮೊದಲ ಪಾಠ ಬ್ರಹ್ಮಾವರದ ಕಡೆ, ಒಬ್ಬ ವಯಸ್ಸಾದ ಆಚಾರ್ರ ಮನೆಯಲ್ಲಿ. ಜೀವಮಾನವಿಡೀ ಕೈಗರಗಸ ಎಳೆದು ಭುಜ ಸೋತು, ಇನ್ನು ಆಗುವುದಿಲ್ಲ ಎಂದು ಯಂತ್ರ ತೆಗೆದುಕೊಂಡವರು. ಕಲಿಯುವುದರಲ್ಲಿ ಬಹಳ ಶ್ರದ್ಧೆ. ನಾನು ಬರುವ ಮೊದಲೇ ಸ್ನಾನ ಮಾಡಿ, ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿ, ಕಾಯುತ್ತ ನಿಂತಿದ್ದರು.

ನಾನೂ ಶ್ರದ್ಧೆಯಿಂದಲೇ ಶುರು ಮಾಡಿದೆ. ಯಂತ್ರವನ್ನು ಮೇಜಿಗೆ ನಾಲ್ಕು ಬೋಲ್ಟು ಹಾಕಿ ಬಿಗಿದೆ. ಪ್ಲಗ್ಗು ಹೊರಗಿರುವಾಗಲೇ ಬ್ಲೇಡು ಅಲ್ಲಾಡುತ್ತದೆಯೇ ನೋಡಿದೆ, ಹಲ್ಲು ಮುಚ್ಚುವ ಗಾರ್ಡು ಸಲೀಸಾಗಿ ಮೇಲೆ ಕೆಳಗೆ ಹೋಗುತ್ತದೆಯೇ ನೋಡಿದೆ. ಮರವನ್ನು ಹಿಂದಿನ ಪಟ್ಟಿಗೆ ಒತ್ತಿ, ಜರುಗದ ಹಾಗೆ ಬಿಗಿಹಿಡಿಯುವ ಕ್ಲಾಂಪು ಹಾಕಿದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೆ. ನಾನು ಮಾಡಿದ್ದನ್ನು ಸರಿಯಾಗಿ ನೋಡಿಕೊಳ್ಳಿ, ಹಾಗೇ ಮಾಡಿ, ಹೆಚ್ಚೂ ಬೇಡ ಕಮ್ಮಿಯೂ ಬೇಡ ಎಂದು ಹೇಳಿ ಸ್ವಿಚ್ಚು ಒತ್ತಿದೆ. ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನಕ್ಕೆ ಇಳಿಸಿದೆ. ಮರ ಚೆಂದಕ್ಕೆ ತುಂಡಾಯಿತು.

ಈಗ ಅವರ ಸರದಿ. ಒಂದೊಂದನ್ನೂ ನಾನು ಮಾಡಿದ ಕ್ರಮದಲ್ಲೇ ಮಾಡಿದರು. ಸ್ವಿಚ್ಚು ಒತ್ತುವ ಮೊದಲು ನಾನು ಒಮ್ಮೆ ಕೆಮ್ಮಿದ್ದೆ, ಅವರೂ ಕೆಮ್ಮಿದರು. ಚಕ್ರ ತಿರುಗಿತು. ವೇಗಕ್ಕೆ ಬರುವವರೆಗೆ ಕಾದರು. ಭೇಷ್ ಎಂದುಕೊಂಡು ಅವರ ಮುಖ ನೋಡಿದೆ. ಕನ್ನಡಕದೊಳಗೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

ಕೂಗಿದರೆ ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ಮುಟ್ಟಿದರೆ ಬೆಚ್ಚಿ ಕೈ ಎಲ್ಲಿಗೆ ಹೋದೀತೋ. ಬಗ್ಗಿ ಗೋಡೆಗೆ ಹಾರಿ ಪ್ಲಗ್ಗು ಕಿತ್ತೆ. ಚಕ್ರ ಗೊಣಗುತ್ತ ಗೊಣಗುತ್ತ ನಿಂತಿತು. ಆಚಾರ್ರು ಕಣ್ಣು ತೆರೆದು, ತುಂಡಾಯಿತೇ ಎಂದು ಕೇಳಿದರು. ಕಣ್ಣು ಯಾಕೆ ಮುಚ್ಚಿದಿರಿ ಎಂದು ನಾನು ಕೇಳಿದೆ.

"ನೀವ್ ಮುಚ್ಚಿದ್ರಿ ಅಲ್ದಾ?" ಎಂದರು. "ಅದೂ ಒಂದ್ ನಿಯಮ ಅಂತ ನಾನೂ ಮುಚ್ಚಿದೆ. ಆರೆ ಒಂದ್ ಮಾತ್ ಕೇಣ್ತೆ, ಕಣ್ಣ್ ಮುಚ್ಚುದೇ ಆರೆ ಈ ಕನ್ನಡ್ಕ ಎಂತಕ್ಕೆ?"

ಕಣ್ಣೆದುರಿಗೆ ಇಟ್ಟುಕೊಳ್ಳಿ

ತೆಕ್ಕಟ್ಟೆಯಲ್ಲಿ ಗಂಡಹೆಂಡತಿ ಇಬ್ಬರೂ ಸೇರಿ ಫೋಟೋಗಳಿಗೆ ಚೌಕಟ್ಟು ಹಾಕುವ ಕೆಲಸ ಮಾಡುತ್ತಾರೆ. ಚೌಕಟ್ಟಿನ ಮೂಲೆ ಕೂಡಬೇಕಾದರೆ ಪಟ್ಟಿಯನ್ನು ಸರಿಯಾದ ಓರೆಯಲ್ಲೇ ಕೊಯ್ಯಬೇಕು, ಅದಕ್ಕೆ ಈ ಯಂತ್ರದಂಥದ್ದು ಬೇರೆ ಇಲ್ಲ. ಗಂಡನ ಕೈ ಬಹಳ ಚುರುಕು, ತಲೆ ಸ್ವಲ್ಪ ಮರೆವು. ಪಾಠದ ದಿನ ಓರೆ ಬದಲಾಯಿಸಲು ಪ್ಲಗ್ಗು ತೆಗೆಯದೆಯೇ ಬ್ಲೇಡಿನ ಹತ್ತಿರ ಎರಡು ಸಲ ಕೈ ಹಾಕಿದರು. ಎರಡು ಸಲವೂ ನಾನೇ ಹಾರಿ ಪ್ಲಗ್ಗು ಕಿತ್ತೆ.

ಕೊನೆಗೆ ನಾನು ಹೆಂಡತಿಯನ್ನೇ ಕರೆದು ಹೇಳಿದೆ: ಬ್ಲೇಡಿಗೆ ಕೈ ಹಾಕುವ ಮೊದಲು ಕರೆಂಟು ತೆಗೆಯಬೇಕು, ತೆಗೆದದ್ದನ್ನು ಬೇರೆ ಯಾರೂ ಹಾಕದ ಹಾಗೆ ಕಣ್ಣೆದುರಿಗೇ ಇಟ್ಟುಕೊಳ್ಳಬೇಕು, ಇವರೊಬ್ಬರೇ ಇರುವಾಗ ಯಂತ್ರ ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಅವರು ಗಂಡನ ಹತ್ತು ಬೆರಳನ್ನೂ ಒಮ್ಮೆ ನೋಡಿ ತಲೆಯಾಡಿಸಿದರು.

ಎರಡು ವಾರ ಕಳೆದು ಬೆಳಿಗ್ಗೆ ಗಂಡನ ಫೋನು. ಮಿಷನ್ ಸತ್ತುಹೋಗಿದೆ, ಉಸಿರೇ ಇಲ್ಲ, ಕೂಡಲೇ ಬನ್ನಿ. ಹೋದೆ. ಸ್ವಿಚ್ಚು ಒತ್ತಿದರೆ ಏನೂ ಇಲ್ಲ. ಪ್ಲಗ್ಗು ತೆಗೆದು, ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷು ಬಿಚ್ಚಿದೆ, ಒರಸಿದೆ, ಹಾಕಿದೆ. ಮತ್ತೆ ಸ್ವಿಚ್ಚಿನ ಹಿಡಿಯನ್ನು ಬಿಚ್ಚಿದೆ. ಒಂದೊಂದು ಸ್ಕ್ರೂ ತೆಗೆಯುವಾಗಲೂ ಈಗ ತಿರುಗೀತು, ಈಗ ತಿರುಗೀತು ಎಂಬ ಹೆದರಿಕೆ. ಪ್ಲಗ್ಗು ನನ್ನ ಜೇಬಿನಲ್ಲೇ ಇತ್ತು, ಆದರೂ. ಒಂದು ಗಂಟೆಯಲ್ಲಿ ನನ್ನ ಅಂಗಿ ಹಿಂಡುವಷ್ಟು ಒದ್ದೆ.

ಅಷ್ಟರಲ್ಲಿ ಹೆಂಡತಿ ಪೇಟೆಯಿಂದ ಬಂದರು. ಕೈಯಲ್ಲಿ ಮೀನಿನ ಚೀಲ. ನಾನು ಬಿಚ್ಚಿ ಹರಡಿದ್ದನ್ನೆಲ್ಲ ನೋಡಿ, ಚೀಲದೊಳಗೆ ಕೈ ಹಾಕಿ, ಬಂಗುಡೆಗಳ ಪಕ್ಕದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಳಿಯ ವಸ್ತುವೊಂದನ್ನು ತೆಗೆದು ನನ್ನ ಎದುರಿಗಿಟ್ಟರು. ಅವರ ಕೆಲಸದ ಚಪ್ಪರಕ್ಕೆ ಕರೆಂಟು ಕೊಡುವ ಮೀಟರ್ ಪೆಟ್ಟಿಗೆಯ ಫ್ಯೂಸು. ಇದನ್ನು ಪೇಟೆಗೆ ಯಾಕೆ ತೆಗೆದುಕೊಂಡು ಹೋದಿರಿ ಎಂದು ಕೇಳಿದೆ.

"ಕಣ್ಣ್ ಎದ್ರೇ ಇರ್ಕ್ ಅಂದದ್ದ್ ನೀವೇ," ಎಂದರು. "ನಾನ್ ಪ್ಯಾಟಿಗೆ ಹೋಪತಿಗೆ ಕಣ್ಣ್ ಮನೇಲಿ ಇಟ್ಟ್ ಹೋಪುಕಾತ್ತಾ?"

ಅರ್ಧ ಇಂಚು

ಕೆರಾಡಿಗೆ ಹೋಗುವುದೆಂದರೆ ನನಗೆ ಯಂತ್ರದ ಭಯದ ಮೇಲೆ ಇನ್ನೊಂದು ಭಯ. ಕಾಡಿನ ಅಂಚು. ನಡುಹಗಲಲ್ಲೂ ಸದ್ದಿಲ್ಲ. ಅಲ್ಲಿಯ ಒಬ್ಬರು ಯಂತ್ರ ಕೊಂಡುಹೋಗಿ, ನಾನು ಬರುವವರೆಗೆ ಕಾಯದೆ ತಾವೇ ಕೂರಿಸಿ ಕೆಲಸ ಶುರುಮಾಡಿದ್ದರು. ಕೋಣೆ ಇಕ್ಕಟ್ಟು, ಹಲಗೆ ಉದ್ದ. ಅದಕ್ಕೆ ಅವರು ಎಡಗೋಡೆಗೆ ಒಂದು ತೂತು ತೆಗೆದಿದ್ದರು. ಹಲಗೆಯ ಅರ್ಧ ಕೋಣೆಯೊಳಗೆ, ಅರ್ಧ ಗೋಡೆಯ ಆಚೆ. ಉದ್ದದ ಮರಕ್ಕೆ ಎರಡೂ ತುದಿಯಲ್ಲಿ ಆಧಾರ ಬೇಕು ಎಂದೆ. ಆಚೆಗೆ ಸ್ಟೂಲು ಇಟ್ಟಿದ್ದೇನೆ, ಹೆದರಬೇಡಿ ಎಂದು ಹೇಳಿ ಚಹಾ ತರಲು ಒಳಗೆ ಹೋದರು.

ಕರೆಂಟು ಹಾಕುವ ಮೊದಲು ಚಕ್ರವನ್ನು ಸುಮ್ಮನೆ ಕೆಳಗಿಳಿಸಿ, ಹಲ್ಲು ಪೆನ್ಸಿಲ್ ಗುರುತಿನ ಮೇಲೇ ಬರುತ್ತದೆಯೇ ನೋಡುವುದು ಕ್ರಮ. ಇಳಿಸಿದೆ. ಸರಿಯಾಗಿತ್ತು. ಕ್ಲಾಂಪು ಹಾಕೋಣವೆಂದು ಚೀಲಕ್ಕೆ ಕೈ ಹಾಕಿ ತಿರುಗಿದರೆ, ಗುರುತು ಅರ್ಧ ಇಂಚು ಆಚೆ ಹೋಗಿತ್ತು. ನನ್ನ ಕಣ್ಣಿನ ದೋಷವೆಂದು ಹಲಗೆಯನ್ನು ಮತ್ತೆ ಸರಿಸಿ ಇಟ್ಟೆ. ನಾನು ನೋಡುತ್ತಿರುವ ಹಾಗೆಯೇ ಅದು ತನ್ನಷ್ಟಕ್ಕೆ ಜರುಗಿತು.

ಕೋಣೆಯಲ್ಲಿ ನಾನೊಬ್ಬನೇ. ಹಲಗೆ ಮೆಲ್ಲಗೆ ಹಿಂದೆ ಮುಂದೆ ಹೋಗುತ್ತಿದೆ. ಅಷ್ಟು ಸಾಲದೆಂದು ಗೋಡೆಯ ತೂತಿನಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟ ಸದ್ದು. ಚಕ್ರ ತಿರುಗುತ್ತಿರುವಾಗ ಇದು ಜರುಗಿದ್ದರೆ ಏನಾಗುತ್ತಿತ್ತು ಎಂದು ನೆನೆದು ಎರಡೂ ಕೈಯನ್ನು ಕಂಕುಳಿಗೆ ಸೇರಿಸಿದೆ. ಗೊತ್ತಿರುವ ದೇವರ ಹೆಸರೆಲ್ಲ ಮುಗಿದು, ಗೊತ್ತಿಲ್ಲದವರ ಹೆಸರು ಹುಡುಕುತ್ತಿರುವಾಗ ಮನೆಯವರು ಚಹಾ ತಂದರು. ಗೋಡೆಯ ಆಚೆ ಏನಿದೆ ಎಂದು ಪಿಸುಗುಟ್ಟಿ ಕೇಳಿದೆ. ದನದ ಕೊಟ್ಟಿಗೆ ಎಂದರು. ಬಗ್ಗಿ ನೋಡಿದರೆ, ಅವರ ಕೆಂಪು ದನ ಹಲಗೆಯ ತುದಿಗೆ ಕುತ್ತಿಗೆ ಕೊಟ್ಟು ಸುಖವಾಗಿ ತುರಿಸಿಕೊಳ್ಳುತ್ತಿತ್ತು.

ಆ ದಿನ ನಾನು ಪಾಠ ಬಿಟ್ಟು ಮೇಜನ್ನೇ ಕಿತ್ತು ಅಂಗಳದ ಕಡೆಗೆ ತಿರುಗಿಸಿ ಹಾಕಿಸಿದೆ. ಕ್ಲಾಂಪು ಇಲ್ಲದೆ ಒಂದು ಕಡ್ಡಿಯನ್ನೂ ಕೊಯ್ಯುವುದಿಲ್ಲವೆಂದು ಮಾತು ತೆಗೆದುಕೊಂಡೆ. ಎಲ್ಲ ಮುಗಿದ ಮೇಲೆ, ಇಷ್ಟು ದಿನ ಅಳತೆ ತಪ್ಪದೆ ಹೇಗೆ ಕೊಯ್ದಿರಿ ಎಂದು ಕೇಳಿದೆ.

"ದನ ತುರ್ಸುದ್ ದಿನಾ ಇದ್ದದ್ದೇ," ಎಂದರು. "ಅದ್ಕೇ ನಾನ್ ಅದ್ರದ್ ಅಂದೇಳಿ ಅರ್ಧ ಇಂಚ್ ಸೇರ್ಸಿಯೇ ಗುರ್ತ್ ಹಾಕುದ್."

ಹುಡುಕಾಟ

ಇನ್ನು ಯಡ್ತರೆಯದ್ದು. ಇದನ್ನು ಹೇಳುವಾಗ ಈಗಲೂ ನಾನು ಕೈ ಜೇಬಿಗೆ ಹಾಕಿಕೊಳ್ಳುತ್ತೇನೆ.

ಮುಂಬೈಯಿಂದ ಊರಿಗೆ ಮರಳಿ ಕಿಟಕಿ ಬಾಗಿಲಿನ ಕೆಲಸ ಶುರುಮಾಡಿದ ಒಬ್ಬರು. ಮಾತು ಕಮ್ಮಿ, ಹೇಳಿದ್ದನ್ನು ಕೇಳುವ ಮನುಷ್ಯ. ಕಿವಿಗೆ ಹಾಕಿಕೊಳ್ಳಿ ಎಂದು ಸ್ಪಂಜಿನ ಬಿರಡೆ ಕೊಟ್ಟರೆ ಕಾಣದಷ್ಟು ಒಳಗೆ ತುರುಕಿಕೊಂಡರು. ಮರಕ್ಕೆ ಕ್ಲಾಂಪು ಹಾಕಿಯಾಗಿದೆ, ಇನ್ನು ಎಡಗೈಗೆ ಅಲ್ಲಿ ಕೆಲಸವಿಲ್ಲ, ಬೆನ್ನ ಹಿಂದೆ ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿದೆ. ನಾನು ಬಂದಾಗಿನಿಂದ ಆ ಕೈ ಒಂದೋ ಲುಂಗಿ ಎತ್ತಿ ಹಿಡಿದಿತ್ತು, ಇಲ್ಲವೇ ಬೆನ್ನ ಹಿಂದೆಯೇ ಇತ್ತು. ನಾನು ನೋಡುತ್ತಿದ್ದದ್ದು ಬ್ಲೇಡನ್ನು ಮಾತ್ರ.

ಕೊಯ್ದದ್ದು ಸೊಗಸಾಗಿಯೇ ಕೊಯ್ದರು. ಕೊನೆಯ ಒಂದು ಮಾತು ಮರೆತರು. ಕೊಯ್ದ ಮೇಲೆ ಸ್ವಿಚ್ಚು ಬಿಟ್ಟು, ಚಕ್ರ ಪೂರ್ತಿ ನಿಲ್ಲುವವರೆಗೆ ತಲೆಯನ್ನು ಕೆಳಗೇ ಹಿಡಿದಿರಬೇಕು. ಅವರು ತಿರುಗುತ್ತಿರುವ ಚಕ್ರವನ್ನು ಹಾಗೇ ಮೇಲೆತ್ತಿದರು. ತುಂಡಾದ ಮರದ ಚೂರು ಹಲ್ಲಿಗೆ ಸಿಕ್ಕಿ ಗುಂಡಿನ ಹಾಗೆ ಹಾರಿ ಗೋಡೆಗೆ ಬಡಿದು, ಅವರ ಹಿಂದೆ ಗೋಡೆಗೆ ಹೊಡೆದ ಹಲಗೆಯ ಮೇಲಿದ್ದ ಏನನ್ನೋ ಕೆಡವಿತು. ನಾನು ಪ್ಲಗ್ಗು ಎಳೆದೆ. ಅವರು ಬೆಚ್ಚಿ ಎಡಗೈಯನ್ನು ಮುಂದಕ್ಕೆ ತಂದರು. ಮಣಿಕಟ್ಟಿನವರೆಗೆ ಕೆಂಪು. ಬೆರಳು ನಾಲ್ಕು.

ಮತ್ತೊಮ್ಮೆ ಎಣಿಸಿದೆ. ನಾಲ್ಕೇ. ಕಿರುಬೆರಳು ಇರಬೇಕಾದಲ್ಲಿ ಏನೂ ಇರಲಿಲ್ಲ.

ತುಂಡಾದ ಬೆರಳನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿಟ್ಟು, ಮಂಜುಗಡ್ಡೆಯ ಮೇಲಿರಿಸಿ ತಂದರೆ ಕೂಡಿಸಬಹುದೆಂದು ಕೇಳಿದ್ದು ನೆನಪಾಯಿತು. ರಸ್ತೆಯಲ್ಲಿ ಐಸಿನ ಪೆಟ್ಟಿಗೆ ಕಟ್ಟಿಕೊಂಡ ಮೀನು ಮಾರುವವನ ಸ್ಕೂಟರ್ ನಿಂತಿತ್ತು. ಐಸು ತನ್ನಿ, ಬೆರಳು ಹೋಯಿತು ಎಂದು ಅವನಿಗೆ ಕೂಗಿದೆ. ಪುಣ್ಯಾತ್ಮ ಏನನ್ನೂ ಕೇಳದೆ ಇಡೀ ಪೆಟ್ಟಿಗೆಯನ್ನೇ ಹೊತ್ತು ಓಡಿಬಂದ. ನಾನು ನನ್ನ ಬೈರಾಸನ್ನು ಗಾಯಾಳುವಿನ ಕೈಗೆ ಕೊಟ್ಟು, ಗಟ್ಟಿಯಾಗಿ ಸುತ್ತಿಕೊಳ್ಳಿ ಎಂದೆ. ಅವರು ಅದರಲ್ಲಿ ಮುಖದ ಬೆವರು ಒರಸಿ ಹೆಗಲಿಗೆ ಹಾಕಿಕೊಂಡರು. ಆಘಾತದಲ್ಲಿ ಮನುಷ್ಯನಿಗೆ ನೋವು ಗೊತ್ತಾಗುವುದಿಲ್ಲವಂತೆ, ಪಾಪ, ಎಂದುಕೊಂಡೆ.

ನಾನೂ ಮೀನಿನವನೂ ನೆಲಕ್ಕೆ ಮೊಣಕಾಲೂರಿ ಮರದ ಹುಡಿಯನ್ನು ಬೊಗಸೆ ಬೊಗಸೆಯಾಗಿ ಜಾಲಾಡತೊಡಗಿದೆವು. ಒಂದು ಗಳಿಗೆ ನಮ್ಮನ್ನು ನೋಡಿ ಅವರೂ ಲುಂಗಿ ಎತ್ತಿಕಟ್ಟಿ ನಮ್ಮ ಪಕ್ಕದಲ್ಲೇ ಕೂತು ಹುಡುಕತೊಡಗಿದರು. ನಮ್ಮಿಬ್ಬರಿಗಿಂತ ಅಚ್ಚುಕಟ್ಟಾಗಿ ಹುಡುಕುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಮೀನಿನವನಿಗೆ ಮೂಲೆಯಲ್ಲಿ ಕೆಂಪಾದದ್ದೊಂದು ಸಿಕ್ಕಿತು. ಹಾಗೇ ಕೈವಸ್ತ್ರದಲ್ಲಿ ಸುತ್ತಿ ಬೂತಾಯಿ ಮೀನಿನ ನಡುವೆ ಭಕ್ತಿಯಿಂದ ಇಟ್ಟ. ನಾನು ಬಿಚ್ಚಿ ನೋಡಿದೆ. ಹಲಸಿನ ಮರದ ಗಂಟು, ಮೇಲೆ ಕೆಂಪು ಬಣ್ಣ. ಆಗ ತಲೆ ಎತ್ತಿದರೆ ಗೋಡೆಯ ಹಲಗೆಯ ಮೇಲೆ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣದ ಡಬ್ಬಿ ಅಡ್ಡಬಿದ್ದು ತೊಟ್ಟಿಕ್ಕುತ್ತಿತ್ತು. ಹಾಗಾದರೆ ಕೆಂಪು ಎಂದರೆ ರಕ್ತವಲ್ಲ. ಆದರೆ ಬೆರಳು?

ಅಷ್ಟು ಹೊತ್ತಿಗೆ ಅವರಿಗೂ ಹುಡುಕಿ ಸಾಕಾಗಿರಬೇಕು. ಕಿವಿಯ ಬಿರಡೆ ಎರಡನ್ನೂ ಕಿತ್ತು, ಎಂತ ಕಳೆದದ್ದು ಎಂದು ನನ್ನನ್ನು ಕೇಳಿದರು.

"ನಿಮ್ ಬೆರಳ್," ಎಂದೆ. ಅಳು ಬರುತ್ತಿತ್ತು.

ಅವರು ತಮ್ಮ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಅದ್ ಮುಂಬೈಯಗೆ ಇಡ್ಲಿ ಗ್ರೈಂಡರಿಗೆ ಹೋಯಿ ಇಪ್ಪತ್ ವರ್ಷ ಆಯ್ತ್ ಮರ್ರೆ," ಎಂದರು. "ಆವತ್ತ್ ಹಿಟ್ಟಗೆ ಹುಡ್ಕ್ರೇ ಸಿಕ್ಲಿಲ್ಲ, ಇವತ್ತ್ ಹುಡಿಯಗೆ ಸಿಕ್ಕತ್ತಾ?"