ಕೊಸರಿಗೊಂದು ಕೊಸರು

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಶಶಿಕುಮಾರನಿಗೆ ಹೊಸ ಯೋಚನೆ ಹೊಳೆಯಿತೆಂದರೆ ಮೊದಲು ಗಾಬರಿಯಾಗುವುದು ಅವನ ಹೆಂಡತಿ ಆಶಾರಾಣಿಗೆ. ಹಾಗೆ ಹೊಳೆದದ್ದೆಲ್ಲ ಕೊನೆಗೆ ಬಂದು ಬೀಳುವುದು ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲಿ ಒಂದೂ ಅಣಬೆ ಬಿಡದ ಅಣಬೆ ಚೀಲಗಳಿದ್ದವು, ಜೇನುಹುಳು ಮುನಿಸಿಕೊಂಡು ಬಿಟ್ಟುಹೋದ ಪೆಟ್ಟಿಗೆಯಿತ್ತು, ಎರಡೇ ತಂತಿ ಉಳಿದ ಗಿಟಾರ್ ಇತ್ತು. (ಉಳಿದ ನಾಲ್ಕು ತಂತಿಗಳಿಂದ ಆಶಾರಾಣಿ ಹಿತ್ತಲಲ್ಲಿ ಹೀರೆಬಳ್ಳಿಗೆ ಚಪ್ಪರ ಕಟ್ಟಿದ್ದಳು. ಬಳ್ಳಿ ಮಾತ್ರ ಚೆನ್ನಾಗಿ ಹಬ್ಬಿತ್ತು.)

ಆ ಕೋಣೆಗೆ ತನ್ನ ಹೊಲಿಗೆ ಮೆಷಿನ್ ತರಬೇಕೆಂದು ಅವಳು ಮೂರು ವರ್ಷದಿಂದ ಕಾಯುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಹೊಲಿದು ಹೊಲಿದು, ಬೀದಿಯ ಅರ್ಧ ಹೆಂಗಸರ ರವಿಕೆಗಳಿಗೆ ಒಗ್ಗರಣೆ ವಾಸನೆ ಅಂಟಿಕೊಂಡಿತ್ತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಶಶಿಕುಮಾರ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದ.

"ನಾನೊಂದು ವಿಡಿಯೋ ಗೇಮ್ ಮಾಡ್ತೀನಿ ಕಣೇ."

"ಆಡ್ತೀರಾ?"

"ಆಡಾದಲ್ಲ. ಮಾಡಾದು. ನಾನೇ ತಯಾರ್ ಮಾಡಾದು."

ಆಶಾರಾಣಿ ಸೌಟು ಹಿಡಿದೇ ಹೊರಗೆ ಬಂದಳು. "ಮೊಬೈಲಲ್ಲಿ ಅಕ್ಸರ ದೊಡ್ದು ಮಾಡಾಕೆ ನನ್ನೇ ಕರೀತೀರ. ಗೇಮ್ ಮಾಡ್ತಾರಂತೆ!"

"ಹೊಸಬ್ರಿಗೆ ಅಂತ್ಲೇ ಒಂದು ಸಾಫ್ಟ್‌ವೇರ್ ಐತೆ, ಪುಕ್ಕಟೆ. ಬಣ್ಣಬಣ್ಣದ ತುಂಡು ಇರ್ತವೆ, ಒಂದೊಂದ್ರಲ್ಲೂ ಒಂದೊಂದು ಅಪ್ಪಣೆ ಬರ್ದಿರ್ತದೆ. ಒಂದಕ್ಕೊಂದು ಸಿಗಾಕ್ಸುದ್ರೆ ಆಟ ರೆಡಿ. ಮೇಘಾ ತೋರ್ಸವ್ಳೆ."

ಮೇಘಾ ಎಂದರೆ ಮಗಳು ಮೇಘಶ್ರೀ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಹಳೇ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟ ತಪ್ಪಿಗೆ ಆ ವಾರವಿಡೀ ದಿನಕ್ಕೆ ಹತ್ತು ಸಲ ಫೋನ್ ಎತ್ತುವ ಶಿಕ್ಷೆ ಅವಳಿಗೆ ಕಾದಿತ್ತು.

ಆಶಾರಾಣಿ ಸೌಟನ್ನು ಗಂಡನ ಕಡೆ ಚಾಚಿ ಹೇಳಿದಳು:

"ಈ ಬಾನ್ವಾರ ಅವ್ವನೂ ರವೀನೂ ಊಟಕ್ಕೆ ಬತ್ತಾರೆ. ಅವತ್ತು ಯಾರಾದ್ರೂ ಒಬ್ರು ನಿಮ್ಮಾಟನ ಸುರುವಿಂದ ಕೊನೇಗಂಟ ಆಡಿ ಮುಗುಸ್ಬೇಕು. ಮುಗುದ್ರೆ ಆ ಕೋಣೆ ನಿಮ್ದು, ನಾನು ಉಸ್ರೆತ್ತಲ್ಲ. ಮುಗೀನಿಲ್ವಾ, ಮೆಷಿನ್ ಒಳಕ್ಕೆ ಬತ್ತದೆ, ನಿಮ್ಮ ಜೇನುಪೆಟ್ಗೆ ಆಚಿಕ್ಕೋಯ್ತದೆ."

"ಆಗ್ಲಿ!" ಎಂದ ಶಶಿಕುಮಾರ. ಅವನು ಅಷ್ಟು ಬೇಗ ಒಪ್ಪಿದ್ದು ಮದುವೆಯಲ್ಲಿ ಬಿಟ್ಟರೆ ಇದೇ ಮೊದಲು.

ಆಟ ಸರಳವಾಗಿತ್ತು. ಒಂದು ತೆಂಗಿನಮರ, ಅದರಲ್ಲಿ ಇಪ್ಪತ್ತೈದು ಕಾಯಿ. ಕಾಯಿ ಒಂದೊಂದಾಗಿ ಉದುರುತ್ತದೆ, ಕೆಳಗೆ ಮಂಕರಿಯನ್ನು ಅತ್ತಿತ್ತ ಸರಿಸಿ ಹಿಡಿಯಬೇಕು. ಮರ ಬರಿದಾದರೆ ಆಟ ಮುಗಿಯಿತು. ಮಂಗಳವಾರ ಮೊದಲ ಕಾಯಿ ಮರದಿಂದ ಕಳಚಿಕೊಂಡು ನೆಟ್ಟಗೆ ಆಕಾಶಕ್ಕೆ ಹೋಯಿತು. ಬುಧವಾರ ಕೆಳಗೆ ಬಂತು, ಆದರೆ ಮಂಕರಿ ಬಲಕ್ಕೆ ಹೋಗೆಂದರೆ ಎಡಕ್ಕೆ ಹೋಯಿತು. ಗುರುವಾರ ಸಂಜೆ ಕಾಯಿ ಉದುರಿತು, ಮಂಕರಿ ಹೇಳಿದ ಕಡೆ ಸರಿಯಿತು, ಕಾಯಿ ಸರಿಯಾಗಿ ಅದರೊಳಗೆ ಬಿತ್ತು!

ಶಶಿಕುಮಾರ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟ. ಲಾರಿಗಟ್ಟಲೆ ಕಾಯಿ ಕಂಡವನಿಗೆ ಈ ಒಂದು ಕಾಯಿ ಕಂಡು ಕಣ್ಣಲ್ಲಿ ನೀರು ಬಂತು. ತಾನು ಹೇಳಿದ್ದನ್ನು ಹೇಳಿದ ಹಾಗೇ ಕೇಳುವ ವಸ್ತುವೊಂದು ಆ ಮನೆಯಲ್ಲಿ ಅವನಿಗೆ ಸಿಕ್ಕಿದ್ದೇ ಅದು ಮೊದಲು.

ಉತ್ಸಾಹ ತಡೆಯಲಾಗಲಿಲ್ಲ. ಕಾಯಿ ಎಣಿಸುವಾಗ 'ಒಂದು' ಎನ್ನದೆ 'ಲಾಭ' ಎಂದು ಶುರು ಮಾಡುವುದು ವ್ಯಾಪಾರದ ರೂಢಿ. ಅದಕ್ಕೇ ಕಾಯಿ ಮಂಕರಿಗೆ ಬಿದ್ದಾಗಲೆಲ್ಲ ಕೂಗಲೆಂದು ತನ್ನದೇ ದನಿಯಲ್ಲಿ "ಲಾಭ!" ಎಂದು ಸೇರಿಸಿದ. ಆದರೂ ಏನೋ ಕೊರತೆ ಎನಿಸಿತು. ಶುಕ್ರವಾರ ಮಂಡಿಯಲ್ಲಿ ನೂರು ಕಾಯಿ ಎಣಿಸಿ ಮೇಲೆ ಎರಡು ಕಾಯಿ ಪುಕ್ಕಟೆ ಕೊಸರು ಹಾಕುವಾಗ ಹೊಳೆಯಿತು. ಕೊಸರು! ಕೊಸರಿಲ್ಲದ ಆಟವನ್ನು ಜನ ಏನೆಂದುಕೊಂಡಾರು? ಮನೆಗೆ ಓಡಿಬಂದು ಇನ್ನೊಂದು ಹಳದಿ ತುಂಡು ಸಿಕ್ಕಿಸಿದ: ಹಿಡಿದ ಪ್ರತಿ ಕಾಯಿಗೂ ಮರದಲ್ಲಿ ಒಂದು ಕಾಯಿ ಕೊಸರು.

ಶನಿವಾರ ಹನ್ನೆರಡು ಸಲ ಆಡಿ ಪರೀಕ್ಷಿಸಿದ. ಅವನ ದಪ್ಪ ಬೆರಳುಗಳಿಗೆ ಹತ್ತರಲ್ಲಿ ಎಂಟು ಕಾಯಿ ಕೈತಪ್ಪಿ ನೆಲಕ್ಕೆ ಬೀಳುತ್ತಿದ್ದವು. ಹನ್ನೆರಡು ಸಲವೂ ಮರ ಬೇಗ ಬರಿದಾಗಿ ಆಟ ಚೊಕ್ಕವಾಗಿ ಮುಗಿಯಿತು. ಮುಂದಿನ ಕೋಣೆಯ ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂದೂ ಯೋಚಿಸಿಟ್ಟುಕೊಂಡ.

ಭಾನುವಾರ ಹಳ್ಳಿಮೈಸೂರಿನಿಂದ ಅತ್ತೆ ಶಿವಗಂಗಮ್ಮನೂ ಭಾಮೈದ ರವೀಂದ್ರನೂ ಬಂದರು. ಶಿವಗಂಗಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ನಾಕ್ ಗಂಟೆ ಬಸ್ಸಿಗೆ ಓಗ್ಬುಡ್ಬೇಕು ಕಣವ್ವ. ಅಸ ಕರೀಬೇಕು." ಇಪ್ಪತ್ತೊಂದು ವರ್ಷದಿಂದ ಅವರು ಮಗಳ ಮನೆಗೆ ಬಂದಾಗಲೆಲ್ಲ ಮೊದಲು ಆಡುವ ಮಾತೇ ಇದು. ಒಂದು ದಿನವೂ ಉಳಿದವರಲ್ಲ.

"ಎಲ್ಲಿ ಬಾವ, ನಿಮ್ಮಾಟ? ಇದಾದ್ರೂ ಮುಗುದೈತೋ, ಜೇನುಹುಳದ್ ತರ ಹಾರೋಯ್ತೋ?" ಎಂದ ರವೀಂದ್ರ.

ಶಶಿಕುಮಾರ ಅತ್ತೆಯನ್ನೇ ಕರೆದು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದ. ಕಂಪ್ಯೂಟರ್ ಮುಟ್ಟದ ಮುದುಕಿ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ ಎಂಬುದು ಅವನ ಲೆಕ್ಕಾಚಾರ.

"ಅತ್ತೆ, ಈ ಗುಂಡಿ ಒತ್ತುದ್ರೆ ಮಂಕ್ರಿ ಈ ಕಡೀಕೆ, ಇದನ್ನ ಒತ್ತುದ್ರೆ ಆ ಕಡೀಕೆ. ಕಾಯಿ ಇಡೀಬೇಕು."

"ಅಷ್ಟೇಯಾ?" ಎಂದು ಶಿವಗಂಗಮ್ಮ ಸೆರಗು ಸಿಕ್ಕಿಸಿಕೊಂಡರು.

"ಲಾಭ!" ಎಂದಿತು ಲ್ಯಾಪ್‌ಟಾಪ್. "ಲಾಭ! ಲಾಭ! ಲಾಭ!"

ಒಂದೂ ಕಾಯಿ ಕೆಳಗೆ ಬೀಳಲಿಲ್ಲ. ಎಪ್ಪತ್ತು ವರ್ಷ ರಾಗಿಯಲ್ಲಿ ಕಲ್ಲು ಆಯ್ದ ಕಣ್ಣು, ಹಸು ಕರೆದ ಬೆರಳು! ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಮರದಲ್ಲಿ ಕಾಯಿ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹಾಗೇ ಇದ್ದವು. ಶಶಿಕುಮಾರ ಹಿತ್ತಲಿಗೆ ಓಡಿ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಅಪ್ಪ, ಕೊಸರು ಕಾಯಿ ಹಿಡಿದ್ರೂ ಇನ್ನೊಂದು ಕೊಸರು ಬರೋ ಹಾಗೆ ಮಾಡಿದೀಯ!"

"ಥೂ, ಕೊಸ್ರಿಗೆ ಯಾರವ್ವ ಕೊಸ್ರು ಕೊಡ್ತಾರೆ?"

"ಅದು ಮಂಡಿಯೋರಿಗೆ ಗೊತ್ತು. ಕಂಪ್ಯೂಟರ್‌ಗೆ ನೀನು ಹೇಳ್ಲಿಲ್ವಲ್ಲ. ಅಜ್ಜಿ ಕಾಯಿ ಬಿಡದೆ ಆಟ ಮುಗಿಯಲ್ಲ."

ಒಳಗೆ ಬಂದು ನೋಡಿದರೆ ಆಶಾರಾಣಿ ಟೇಪು ಹಿಡಿದು ಕಿಟಕಿಯ ಅಳತೆ ತೆಗೆಯುತ್ತಿದ್ದಳು. ಶಶಿಕುಮಾರ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗಲಾಚಿದ.

"ಅತ್ತೆ, ದಮ್ಮಯ್ಯ ಅಂತೀನಿ, ಒಂದಿಪ್ಪತ್ತೈದು ಕಾಯಿ ಕೆಳಿಕ್ ಬುಟ್ಬುಡಿ."

ಶಿವಗಂಗಮ್ಮ ಪರದೆಯಿಂದ ಕಣ್ಣು ಕೀಳದೆ ಹೇಳಿದರು: "ಕೈಗ್ ಬಂದ ಕಾಯ್ನ ಬೇಕಂತ ನೆಲಕ್ ಬುಡಾದಾ? ಕಾಯ್ ಯಾಪಾರ ಮಾಡೋರು ಆಡೋ ಮಾತಾ ಇದು, ಅಳಿಯಂದ್ರೇ? ನನ್ ಜಲ್ಮದಲ್ಲಿ ಆಗಾದಿಲ್ಲ."

ಊಟಕ್ಕೂ ಏಳಲಿಲ್ಲ. ಆಶಾರಾಣಿ ಮುದ್ದೆ ಮುರಿದು ಸಾರಲ್ಲದ್ದಿ ಅವ್ವನ ಬಾಯಿಗಿಟ್ಟಳು. ನಾಲ್ಕು ಗಂಟೆಯ ಬಸ್ಸಿಗೆ ರವೀಂದ್ರ ಒಬ್ಬನೇ ಹೊರಟ.

"ಬಾ ಅವ್ವ, ಅಸ ಕರೀಬೇಡ್ವಾ?"

"ನಿನ್ನೆಂಡ್ತಿ ಕರೀತಾಳೆ ಓಗ್ಲಾ. ಈ ಮರ ಬರ್ದಾದ್ ಮ್ಯಾಕೆ ಬತ್ತೀನಿ."

ಸಂಜೆಯ ಹೊತ್ತಿಗೆ ಜೇನುಪೆಟ್ಟಿಗೆ ಹೊರಗಿತ್ತು, ಹೊಲಿಗೆ ಮೆಷಿನ್ ಒಳಗಿತ್ತು. ಒಂದು ಕಡೆ ಮಗಳು ಹೊಲಿಯುತ್ತ, ಇನ್ನೊಂದು ಕಡೆ ತಾಯಿ ಕಾಯಿ ಹಿಡಿಯುತ್ತ, ಊರ ಸುದ್ದಿ ಮಾತಾಡಿಕೊಂಡು ನಗುತ್ತಿದ್ದರು. ಶಶಿಕುಮಾರ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ.

"ಒಂದ್ ಗಳಿಗೆ ಕೊಡು. ಆ ಕೊಸರಿನ ತುಂಡು ಸರಿ ಮಾಡ್ಬುಡ್ತೀನಿ."

ಆಶಾರಾಣಿ ಎದ್ದು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಸೌಟು ಹಿಡಿದಾಗಿನದೇ.

"ಇಪ್ಪತ್ತೊಂದೊರ್ಸದಿಂದ ಒಂದಿನ ಉಳ್ಕೊಳವ್ವ ಅಂತ ಕೈ ಮುಗುದ್ರೂ ನಮ್ಮವ್ವ ಉಳ್ದಿರ್ನಿಲ್ಲ. ನೀವು ಮಾಡಿದ್ದ ಕೆಲ್ಸದಲ್ಲಿ ಇದೊಂದೇ ಚೆಂದಾಗಿ ಆಗಿರಾದು. ಅದನ್ನೇನಾದ್ರೂ ಸರಿ ಮಾಡೀರಾ, ಜ್ವಾಕೆ!"

ಬಾಗಿಲು ಮುಚ್ಚಿತು. ಶಶಿಕುಮಾರ ಜಗಲಿಗೆ ಬಂದು ಜೇನುಪೆಟ್ಟಿಗೆಯ ಮೇಲೆ ಕೂತ. ಒಳಗಿನಿಂದ ಅವನದೇ ದನಿ ಬೀದಿಗೆಲ್ಲ ಕೇಳುವಂತೆ ಕೂಗುತ್ತಲೇ ಇತ್ತು: "ಲಾಭ! ಲಾಭ! ಲಾಭ!"