ಸಂಗನಬಸವನ ಸ್ಪ್ರೇ ಪುಸ್ತಕ

ತಿಕೋಟಾದಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುವ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಸಂಗನಬಸವನದು. ಯಾವ ರೋಗಕ್ಕೆ ಯಾವ ಔಷಧ, ಲೀಟರಿಗೆ ಎಷ್ಟು, ಎಲ್ಲ ಬಾಯಿಪಾಠ. ಇಂಥ ಸ್ಪ್ರೇ ಸಾರ್ವಭೌಮನನ್ನು ಸೋಲಿಸಿದ್ದು ಅವನ ಸ್ವಂತ ಮೂಗು. ತೋಟದಲ್ಲಿ ಕಾಲಿಟ್ಟರೆ ಇಪ್ಪತ್ತೊಂದು ಸೀನು. (ಎಣಿಸಿದವಳು ಹೆಂಡತಿ ಶಾಂಭವಿ.) ಇನ್ನೊಂದು ತಿಂಗಳಿಗೆ ವ್ಯಾಪಾರಿ ಗುರುಪಾದಯ್ಯ ಬೆಳೆ ನೋಡಲು ಬರುವವನಿದ್ದ. ಅವನೆದುರು ಗೊನೆಗಳ ಮೇಲೆ ಸೀನಿದರೆ ವರ್ಷದ ದುಡಿಮೆ ಬಳ್ಳಿಯಲ್ಲೇ ಉಳಿದೀತು ಎಂಬುದು ಇವನ ಚಿಂತೆ.

ವಿಜಯಪುರದ ಡಾಕ್ಟರ್ ನಾಜಿಯಾ ಅಲರ್ಜಿ ಎಂದು ಹೇಳಿ, ಮೂಗಿಗೆ ಸ್ಟೆರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಬಳಸುವ ರೀತಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವನು ಎದ್ದು ನಿಂತಿದ್ದ.

“ಮೇಡಂ, ಇಪ್ಪತ್ತ ವರ್ಷದಿಂದ ಸ್ಪ್ರೇ ಹೊಡ್ಯಾಕತ್ತೇನ್ರಿ.”

ಮನೆಗೆ ಬಂದವನೇ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಳ್ಳಿಗೆ ಹೊಡೆದ ಹಾಗೆ ತೊಟ್ಟಿಕ್ಕುವ ತನಕ ಹೊಡೆದ. ಮುಂಜಾನೆ ಆರು ಒತ್ತು, ಸಂಜೆ ಆರು. ಔಷಧವೆಲ್ಲ ಗಂಟಲಿಗಿಳಿದು ಬಾಯಿ ಕಹಿಯಾಯಿತು.

“ಡಬ್ಬಿಯಾಗಿನ ಚೀಟಿ ಒಮ್ಮಿ ಓದ್ರಿ,” ಎಂದಳು ಶಾಂಭವಿ.

“ಚೀಟಿ ಕಲಿಯೋರಿಗೆ ಬೇಕು.”

ನಾಲ್ಕನೆಯ ದಿನ ಕರವಸ್ತ್ರದಲ್ಲಿ ರಕ್ತ ಕಂಡಿತು. ಸಂಗನಬಸವ ಹೆಂಡತಿಯನ್ನು ಕೂಗಿ ಕರೆದ.

“ಸ್ಟೆರಾಯ್ಡ್ ನನ್ನ ತಿಂದಬಿಟ್ಟೈತಿ. ತ್ವಾಟ ನಿನ್ನ ಹೆಸರಿಗೆ ಮಾಡಿಬಿಡ್ತೀನಿ.”

“ಆಮ್ಯಾಲ ಮಾಡ್ರಂತ. ಮೊದ್ಲ ಬಸ್ಸ ಹತ್ರಿ.”

ನಾಜಿಯಾ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. “ಏನೂ ಆಗಿಲ್ರಿ. ಎರಡೂ ಹೊಳ್ಳಿ ನಡುವಿನ ಗ್ವಾಡಿಗೆ ಗುರಿ ಇಟ್ಟು ಹೊಡದೀರಿ, ಸಣ್ಣ ಗಾಯ ಆಗೈತಿ. ನಾಕ ದಿನ ಬಿಡ್ರಿ, ಮತ್ತ ರಕ್ತ ಬಂದ್ರ ಬರ್ರಿ. ಆಮ್ಯಾಲ ದಿನಕ್ಕೊಮ್ಮಿ, ಒಂದೊಂದ ಹೊಳ್ಳಿಗೆ ಎರಡ ಒತ್ತು, ಅಷ್ಟ. ಬಾಟ್ಲಿ ಅಲುಗಾಡಿಸಿ, ತಲಿ ತುಸು ಮುಂದ ಬಾಗಸ್ರಿ. ಬಲಗಡೆ ಹೊಳ್ಳಿಗೆ ಎಡಗೈ, ಎಡಗಡೆಗೆ ಬಲಗೈ. ಗುರಿ ಕಿವಿ ಕಡೆ. ಮೆಲ್ಲಕ ಉಸಿರು ತಗೋರಿ. ಗುಣ ಕಾಣಾಕ ಒಂದೆರಡ ವಾರ ಬೇಕು, ನಡುವ ಬಿಡಬ್ಯಾಡ್ರಿ.”

ಸಾಯುವುದಿಲ್ಲ ಎಂದು ಗೊತ್ತಾದ ಸಂತೋಷಕ್ಕೆ ಸಂಗನಬಸವ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಗಿರ್ಮಿಟ್ಟು ತಿಂದ. ಮನೆಗೆ ಬಂದು ಹೆಂಡತಿಗೆ ಅಪ್ಪಣೆ ಮಾಡಿದ: “ದಿನಾ ಹೊಡದದ್ದು ಸ್ಪ್ರೇ ಪುಸ್ತಕದಾಗ ಬರಿ.”

ಬಳ್ಳಿಗೆ ಹೊಡೆದ ಪ್ರತಿಯೊಂದು ಔಷಧವನ್ನೂ ತಾರೀಖಿನ ಸಮೇತ ಬರೆದಿಡುವ ಪುಸ್ತಕವದು. ವ್ಯಾಪಾರಿಗಳು ಅದನ್ನು ನೋಡದೆ ಮಾಲು ಮುಟ್ಟುವುದಿಲ್ಲ.

“ಅದು ತ್ವಾಟದ್ದರಿ. ಬ್ಯಾರೆ ಹಾಳಿ ತರ್ತೀನಿ.”

“ಸ್ಪ್ರೇ ಅಂದ್ರ ಸ್ಪ್ರೇ. ಬರಿ ಅಂದ್ರ ಬರಿ.”

ಶಾಂಭವಿ ಅವನು ಹೇಳಿದಷ್ಟನ್ನೇ ದಿನಾ ಬರೆದಳು: ‘ಸ್ಟೆರಾಯ್ಡ್, ಎರಡೂ ಬದಿಗೆ ಎರಡೆರಡು ಒತ್ತು.’ ಎರಡು ವಾರ ಕಳೆಯುವಷ್ಟರಲ್ಲಿ ಸೀನು ನಿಂತಿತು. ಗುರುಪಾದಯ್ಯ ಬಂದ ದಿನ ಸಂಗನಬಸವ ಒಂದೂ ಸೀನಿಲ್ಲದೆ ತೋಟವೆಲ್ಲ ತೋರಿಸಿ, ಮದುಮಗನ ಗತ್ತಿನಲ್ಲಿ ಪುಸ್ತಕ ಕೊಟ್ಟ. ಗುರುಪಾದಯ್ಯ ಪುಟ ತಿರುವುತ್ತ ಹೋಗಿ ತಟ್ಟನೆ ನಿಂತ.

“ದಿನಾ ಸ್ಟೆರಾಯ್ಡ್? ಎರಡೂ ಬದಿಗೆ? ನಿನ್ನಿನೂ ಹೊಡದೀರಿ. ಇಂಥಾ ಹಣ್ಣ ಮಂದಿ ತಿನ್ನಬೇಕೇನ್ರಿ?”

ಪುಸ್ತಕ ಕಟ್ಟೆಯ ಮೇಲಿಟ್ಟು ಅವನು ಜೀಪಿನ ಕಡೆ ನಡೆದ. ಸಂಗನಬಸವ ಒಳಗೋಡಿ ಬಾಟಲಿ ತಂದು ಜೀಪಿಗೆ ಅಡ್ಡ ನಿಂತ. (ವ್ಯಾಪಾರಿ ಬರುವ ಗಡಿಬಿಡಿಯಲ್ಲಿ ಅಂದಿನ ಸ್ಪ್ರೇ ಇನ್ನೂ ಆಗಿರಲಿಲ್ಲ, ಪುಣ್ಯ.)

“ಬಳ್ಳಿಗಲ್ರಿ, ಮೂಗಿಗೆ. ನೋಡ್ರಿಲ್ಲೆ.”

ಗಾಬರಿಯಲ್ಲಿ ತಲೆ ಮತ್ತೆ ಹಿಂದಕ್ಕೆ ಹೋಯಿತು.

“ತಲಿ ಮುಂದ,” ಎಂದು ಬಾಗಿಲಿನಿಂದ ಶಾಂಭವಿ ಕೂಗಿದಳು. “ಆ ಕೈ ಅಲ್ರಿ, ಎಡಗೈ. ಕಿವಿ ಕಡೆ. ಮೆಲ್ಲಕ.”

ಇವನು ಸಾಲಿ ಹುಡುಗನ ಹಾಗೆ ಒಂದೊಂದನ್ನೂ ಒಪ್ಪಿಸಿದ. ಗುರುಪಾದಯ್ಯ ಬಾನೆಟ್ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆಮೇಲೆ ಪುಸ್ತಕ ಮತ್ತೆ ತರಿಸಿ, ಮೂಗನ್ನು ಬಿಟ್ಟು ಬಳ್ಳಿಯದನ್ನಷ್ಟೇ ಓದಿ, ಮಾಲು ಒಪ್ಪಿಕೊಂಡ. ಹೋಗುವ ಮುನ್ನ ತನಗೂ ಸೀನು ಬಹಳವೆಂದು ಬಾಟಲಿಗೆ ಕೈ ಚಾಚಿದ.

“ಒಬ್ರ ಬಾಟ್ಲಿ ಇನ್ನೊಬ್ರ ಮೂಗಿಗೆ ಬ್ಯಾಡ್ರಿ. ಡಾಕ್ಟರಿಗೆ ತೋರಸ್ರಿ,” ಎಂದಳು ಶಾಂಭವಿ.

ಬೆಳೆ ಉಳಿಯಿತು, ಮೂಗೂ ಉಳಿಯಿತು. ಆ ರಾತ್ರಿ ಸಂಗನಬಸವ ಹಾಯಾಗಿ ನಿದ್ದೆ ಮಾಡಿದ. ಜೀಪಿನ ಮುಂದಿನ ಪಾಠವನ್ನು ಬೇಲಿಯಾಚೆಯಿಂದ ನೋಡಿದ್ದ ಪಕ್ಕದ ತೋಟದ ಗೈಬುಸಾಬ ಮರುದಿನ ರೋಗ ಹತ್ತಿದ ಒಂದು ಎಲೆ ಹಿಡಿದುಕೊಂಡು ಬಂದ. ಸಂಗನಬಸವ ಕಟ್ಟೆಯ ಮೇಲೆ ಸರಿಯಾಗಿ ಕುಳಿತು ಗಂಟಲು ಸರಿಪಡಿಸಿಕೊಂಡ.

“ಕೊಡು ಇಲ್ಲೆ, ನೋಡೂನು.”

ಗೈಬುಸಾಬ ಎಲೆಯನ್ನು ಹಿಂದಕ್ಕೆ ಎಳೆದುಕೊಂಡು ಮನೆಯೊಳಗೆ ಇಣುಕಿದ.

“ಅಕ್ಕಾರು ಅದಾರೇನ್ರಿ? ಸ್ಪ್ರೇದ್ದೊಂದ ಮಾತ ಕೇಳೂದಿತ್ತು.”