ಮೈಕು ಹಿಡಿದು ನಿಜ ಹೇಳಿದವನು

ನನ್ನ ಹೆಂಡತಿಯ ತಮ್ಮನ ಬಾಯಿಗೂ ನನ್ನ ಆಟೋಕ್ಕೂ ಬ್ರೇಕ್ ಇರಲಿಲ್ಲ. ಆಟೋಕ್ಕಾದರೆ ಮಾನ್ವಿಯಲ್ಲಿ ಮೆಕ್ಯಾನಿಕ್ ಇದ್ದಾನೆ!

ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡವನು ನಾನೇ. ಅದೂ ಎಂಥ ಕೆಲಸ? ನನ್ನದು ಪ್ರಚಾರದ ಆಟೋ. ಮೇಲೆ ಎರಡು ಹಾರ್ನು, ಒಳಗೆ ಒಂದು ಮೈಕು. ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ಸಾವಿನ ಸುದ್ದಿಯವರೆಗೆ ಎಲ್ಲವನ್ನೂ ಓಣಿ ಓಣಿಯಲ್ಲಿ ಕೂಗುವುದು ನಮ್ಮ ಕಸುಬು. ನಾನು ಓಡಿಸಬೇಕು, ಅವನು ಚೀಟಿ ನೋಡಿ ಓದಬೇಕು. ಅಷ್ಟೇ! ಆದರೆ ಅವನಿಗೊಂದು ಕಾಯಿಲೆ. ಮೈಕು ಬಾಯಿಗೆ ಬಂದರೆ ಸುಳ್ಳು ಹೊರಡುತ್ತಿರಲಿಲ್ಲ. (ಮೈಕು ಇಲ್ಲದಾಗ ಧಾರಾಳವಾಗಿ ಹೊರಡುತ್ತಿತ್ತು. ಅದಕ್ಕೆ ನಾನೇ ಸಾಕ್ಷಿ.)

ರಾಯಚೂರಿನ ಒಂದು ಸೀರೆ ಅಂಗಡಿಯವರು ಕರೆದಿದ್ದರು. ಇವನು ಚೀಟಿಯನ್ನು ಚೆನ್ನಾಗಿಯೇ ಓದಿದ. ಓದಿ ಮುಗಿಸಿ, "ಕೆಂಪು ಸೀರಿ ಮಾತ್ರ ಬ್ಯಾರೇನ ನೆನಿ ಹಾಕ್ರಿ ಯವ್ವಾ, ಇಲ್ಲಾಂದ್ರ ಮನಿಮಂದಿ ಅಂಗಿ ಎಲ್ಲಾ ಕೆಂಪಾಗ್ತಾವ!" ಎಂದ. ಅಂಗಡಿಯವನು ಅಳತೆಯ ಕೋಲು ಹಿಡಿದು ಆಟೋ ಹಿಂದೆ ಓಡಿಬಂದ. ಅಷ್ಟು ಚುರುಕಾಗಿ ನಾನು ಗೇರ್ ಬದಲಿಸಿದ್ದು ಅದೇ ಮೊದಲು.

ದೇವದುರ್ಗದಲ್ಲಿ ಹಲ್ಲಿನ ಡಾಕ್ಟರೊಬ್ಬರ ಪ್ರಚಾರ. "ನೋವಾಗಲ್ಲ ಅಂತ ಇದ್ರಾಗ ಬರದಾರ," ಎಂದು ಇವನು ಶುರು ಮಾಡಿದಾಗಲೇ ನಾನು ಗೇರಿಗೆ ಕೈ ಹಾಕಿದೆ. "ಆಗ್ತದ್ರೀ. ನಂದೂ ಕಿತ್ತಾರ. ಆದ್ರ ಡಾಕ್ಟರು ಭಾಳ ಒಳ್ಳೇವ್ರು, ನಾ ಅತ್ತಾಗ ಅವರೂ ಅತ್ರು!"

"ಲೇ, ಅವರು ರೊಕ್ಕ ಕೊಟ್ಟಿದ್ದು ಇದಕ್ಕೇನಲೇ?" ಎಂದು ಬೈದೆ.

"ಮಾವಾ, ಅವರು ಬಾಡಗಿ ಹಿಡಿದಿದ್ದು ನಿನ್ನ ಆಟೋನ. ನನ್ನ ನಾಲಿಗಿ ಅಲ್ಲ."

ನಡುನಡುವೆ ಓಣಿಯ ಸಂಸಾರವೂ ಅವನದೇ. "ಯಕ್ಕಾ, ಹಸರು ಬಾಗಲದ ಮನಿ ಯಕ್ಕಾ, ಹಾಲು ಉಕ್ಕಾಕತ್ತದ, ವಾಸನಿ ಇಲ್ಲೀತನ ಬಂತು!" ಎಂದು ಕೂಗಿದರೆ ಆ ಓಣಿಯ ಹೆಂಗಸರೆಲ್ಲ ಅಡುಗೆಮನೆಗೆ ಓಡುತ್ತಿದ್ದರು. ಪ್ರಚಾರ ಕೇಳಲು ಎಮ್ಮೆಗಳಷ್ಟೇ ಉಳಿಯುತ್ತಿದ್ದವು!

ಕೊನೆಗೆ ನಾನು ಅವನಿಂದ ಮೈಕು ಕಿತ್ತುಕೊಂಡೆ. ಬರೆದದ್ದನ್ನು ತಾನೇ ಓದುವ ಹೆಣ್ಣುದನಿಯೊಂದು ಮೊಬೈಲಿನಲ್ಲಿ ಸಿಕ್ಕಿತು. ಅದಕ್ಕೆ ಚಹಾ ಬೇಡ, ಬೀಡಿ ಬೇಡ, ಅಭಿಪ್ರಾಯವಂತೂ ಮೊದಲೇ ಇಲ್ಲ. ಬೋರ್‌ವೆಲ್ಲಿನವರ ಫೋನ್ ನಂಬರನ್ನು ಅದು ಕೋಟಿ, ಲಕ್ಷಗಳಲ್ಲಿ ಓದಿತು, ಅಷ್ಟೇ ದೋಷ.

"ಅವನ ಬಾಯಿ ಕಸ್ಗೊಂಡ್ರ ಅವನತ್ರ ಇನ್ನೇನು ಉಳೀತದ್ರೀ?" ಎಂದಳು ನನ್ನ ಹೆಂಡತಿ.

"ಕೆಲಸ ಉಳೀತದ. ಪ್ರಚಾರದ ಚೀಟಿ ಹಂಚಲಿ. ಬಾಯಿ ಬಿಟ್ರ ಅದೂ ಇಲ್ಲ," ಎಂದೆ.

ಅವನು ಹಿಂದಿನ ಸೀಟಿನಲ್ಲಿ ಮೂಗನಂತೆ ಕೂತ. ಎಲ್ಲಾದರೂ ಹಾಲು ಉಕ್ಕುವ ವಾಸನೆ ಬಂದರೆ ಜಿಗಿದು, ಆ ಮನೆಯ ಬಾಗಿಲು ಬಡಿದು, ಮತ್ತೆ ಆಟೋ ಹಿಂದೆ ಓಡಿಬಂದು ಹತ್ತುತ್ತಿದ್ದ. ನಾನು ನಿಲ್ಲಿಸುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ದೇವರು ನನ್ನನ್ನು ಕ್ಷಮಿಸಲಿ.

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಪಕ್ಕದ ಮನೆಯವನು ಮಾನ್ವಿಯಲ್ಲಿ ಸುದ್ದಿ ಹೇಳಲು ನನ್ನದೇ ಆಟೋ ಹೊರಡಿಸಿದ. ಅವಳ ತಲೆಯ ಹತ್ತಿರ ಕೂತ ನನಗೆ ಓಣಿಯ ತಿರುವಿನಿಂದ ಆ ಹೆಣ್ಣುದನಿ ಕೇಳಿಸಿತು. ನನ್ನವಳ ಹೆಸರನ್ನು ಅದು ಇಪ್ಪತ್ತು ಪರ್ಸೆಂಟ್ ರಿಯಾಯಿತಿಯ ರಾಗದಲ್ಲಿ ಹೇಳಿತು.

ಎದ್ದು ಓಡಿದೆ. ಆಟೋ ನಿಲ್ಲಿಸಿ, ಆ ದನಿ ಆರಿಸಿ, ಮೈಕು ತೆಗೆದು ಹಿಂದಿನ ಸೀಟಿನಲ್ಲಿ ಎಂದಿನಂತೆ ಕೂತಿದ್ದ ಅವಳ ತಮ್ಮನ ಕೈಗಿಟ್ಟೆ.

"ಏನ್ ಹೇಳ್ಲಿ ಮಾವಾ?"

"ನಿನಗ ತಿಳಿದಂಗ ಹೇಳಪ್ಪಾ."

ಅವನು ಮೈಕಿನ ಗುಂಡಿ ಒತ್ತಿ ಬಾಯಿಗೆ ಹಿಡಿದ. ಆಮೇಲೆ ಹೇಳಿದ: "ನಮ್ಮಕ್ಕ ಹೋದಳ್ರೀ. ನಳದ ನೀರಿಗೆ ಆಕಿ ಜೋಡಿ ಜಗಳಾಡಿ ಮಾತು ಬಿಟ್ಟೋರೂ ಬರ್ರಿ. ತಪ್ಪು ಆಕೀದೇ ಇತ್ತು. ಆಕೀಗೂ ಗೊತ್ತಿತ್ತು, ಹೇಳಾಕ ನಾಚಿಕಿ. ಸಂಜೀತನ ಮನ್ಯಾಗ ಇರ್ತಾಳ, ಬರ್ರಿ."

ನಮ್ಮ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆಯಿಟ್ಟಿದ್ದ ಎದುರುಮನೆಯ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. "ಏಳಬೇ, ಮತ್ತ ಜಗಳಕ್ಕ ಬಾರಬೇ, ನನ್ನ ಕೊಡಾನ ಮುಂದಿತ್ತು ಅಂತ ಒಮ್ಮೆ ಅನ್ನಬೇ!" ಎಂದು ಅವಳು ಅಳುವುದು ರಸ್ತೆಗೆ ಕೇಳಿಸಿತು.

"ಮಾವಾ, ಹೆಚ್ಚು ಮಾತಾಡಿದ್ನೇನು?" ಎಂದು ಅವನು ಕೇಳಿದ.

ಇಲ್ಲವೆನ್ನಲು ಬಾಯಿ ತೆರೆದೆ. ಮೈಕು ಇನ್ನೂ ಆರಿರಲಿಲ್ಲ. ನನ್ನ ಅಳು ಊರಿಗೆಲ್ಲ ಕೇಳಿಸಿತು.